ಸರ್ಕಾರಿ ಕಾಮಗಾರಿ ಹಿಡಿದವರ ಹಕ್ಕುಗಳು

ಅಡಿಕೆ, ಕಾಫಿ, ಮೆಣಸುಗಳ ವಿಚಾರಕ್ಕೆಂದೇ ಹೊರಡುವ ನಮ್ಮ ಪತ್ರಿಕೆಯಲ್ಲಿ ಸರ್ಕಾರಿ ಕಂಟ್ರಾಕ್ಟಿನ ಮಾತೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಕಾರಣ ಸರಳವಾಗಿದೆ. ಕೊಳೆರೋಗ ಬಂದ ವರ್ಷ, ಕಾಫಿಯ ದರ ಕುಸಿದ ವರ್ಷ, ತೋಟದ ಹುಟ್ಟುವಳಿ ಸಾಲದೆ ನಮ್ಮ ಮನೆಗಳ ಹುಡುಗರು ಟ್ರ್ಯಾಕ್ಟರು, ಜೆಸಿಬಿ ಇಟ್ಟುಕೊಂಡು ಕಾಮಗಾರಿಗೆ ಇಳಿದಿದ್ದಾರೆ. ಊರ ರಸ್ತೆ, ಮೋರಿ, ಧರೆಯ ತಡೆಗೋಡೆ, ಶಾಲೆಯ ಕೊಠಡಿ, ಹಳ್ಳಕ್ಕೆ ಕಿಂಡಿ ಅಣೆಕಟ್ಟು, ಇಂಥವು ಅವರು ಹಿಡಿಯುವ ಕೆಲಸಗಳು. ಬಂಡವಾಳಕ್ಕೆ ಅಡಿಕೆಯ ಅಡಮಾನ ಸಾಲ, ತೋಟದ ಮೇಲಿನ ಸಾಲ, ಸಾಲದಿದ್ದರೆ ಮನೆಯ ಒಡವೆ. ವಾಯಿದೆ ತುಂಬಿದಾಗ ಸಂಘದ ಕಛೇರಿಯಲ್ಲಿ ನಾವು ಕೇಳುವ ಉತ್ತರ ಒಂದೇ: "ಬಿಲ್ಲು ಆಗಿಲ್ಲ." ಬಿಲ್ಲು ಆಗದ ರಸ್ತೆಯ ಮೇಲೆ ಊರೆಲ್ಲ ಓಡಾಡುತ್ತದೆ, ಅದನ್ನು ಮಾಡಿದವನ ಪಹಣಿಯಲ್ಲಿ ಮಾತ್ರ ಸಾಲ ಹಾಗೆಯೇ ಕುಳಿತಿರುತ್ತದೆ.

ಆದುದರಿಂದ ಇದು ನಮ್ಮ ವಿಷಯವೇ. ಸರ್ಕಾರದ ಕೆಲಸ ಮಾಡಿದವನಿಗೆ ಕಾನೂನಿನಲ್ಲಿ ಯಾವ ಹಕ್ಕುಗಳಿವೆ, ಅವು ಎಲ್ಲಿ ಕೈತಪ್ಪುತ್ತವೆ ಎಂಬುದನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ವಿವರಿಸಿದ್ದೇವೆ. ಸಾರಾಂಶವನ್ನು ಮೊದಲೇ ಹೇಳಿಬಿಡುವುದು ಲೇಸು. ಸಣ್ಣ ಕಂಟ್ರಾಕ್ಟರನಿಗೆ ಕಾನೂನು, ಅವನು ತಿಳಿದಿರುವುದಕ್ಕಿಂತ ಹೆಚ್ಚಿನ ಹಕ್ಕುಗಳನ್ನೇ ಕೊಟ್ಟಿದೆ. ಆದರೆ ಆ ಹಕ್ಕುಗಳು ಬರವಣಿಗೆಯಲ್ಲಿದ್ದರೆ ಮಾತ್ರ ಬದುಕುತ್ತವೆ. ಬದುಕುವುದೂ ಸಾಮಾನ್ಯವಾಗಿ ಮೂರೇ ವರ್ಷ.

ಕರಾರು ಯಾರೊಂದಿಗೆ?

ಕೆಲಸ ಹಿಡಿಯುವ ಮುಂಚೆ ಕೇಳಿಕೊಳ್ಳಬೇಕಾದ ಮೊದಲನೆಯ ಪ್ರಶ್ನೆ ಇದು. ರಾಜ್ಯ ಸರ್ಕಾರದೊಡನೆ ಆಗುವ ಕರಾರು ರಾಜ್ಯಪಾಲರ ಹೆಸರಿನಲ್ಲಿರಬೇಕು, ಅದಕ್ಕೆ ಅಧಿಕಾರ ಪಡೆದ ಅಧಿಕಾರಿಯೇ ಸಹಿ ಮಾಡಿರಬೇಕು ಎಂದು ಸಂವಿಧಾನದ ೨೯೯ನೇ ವಿಧಿ ಹೇಳುತ್ತದೆ. ಇದು ಬರಿಯ ಔಪಚಾರಿಕ ಮಾತಲ್ಲ. ಈ ಕ್ರಮ ತಪ್ಪಿದ ಕರಾರನ್ನು ಸರ್ಕಾರದ ಮೇಲೆ ಜಾರಿ ಮಾಡಿಸಲು ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೧೯೬೧ರಲ್ಲಿ ಭಿಕ್‌ರಾಜ್ ಜೈಪುರಿಯಾ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಸ್ಥಳಕ್ಕೆ ಬಂದ ಕಿರಿಯ ಇಂಜಿನಿಯರರು "ನಾಳೆಯಿಂದಲೇ ಶುರು ಮಾಡಿ, ಆರ್ಡರು ಹಿಂದೆಯೇ ಬರುತ್ತದೆ" ಎಂದರೆ ಅದು ಸರ್ಕಾರದ ಮಾತಾಗುವುದಿಲ್ಲ.

೨೯೯ನೇ ವಿಧಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಕರಾರುಗಳಿಗೆ ಮಾತ್ರ ಅನ್ವಯಿಸುತ್ತದೆ. ಗ್ರಾಮ ಪಂಚಾಯಿತಿಯಾಗಲಿ, ಸರ್ಕಾರಿ ಸ್ವಾಮ್ಯದ ನಿಗಮವಾಗಲಿ ಕಾನೂನಿನ ದೃಷ್ಟಿಯಲ್ಲಿ ಬೇರೆಯೇ ಸಂಸ್ಥೆಗಳು. ಅವು ತಮ್ಮ ಹೆಸರಿನಲ್ಲಿಯೇ ಕರಾರು ಮಾಡುತ್ತವೆ; ಹಣ ಕೇಳಬೇಕಾದದ್ದೂ ಅವುಗಳನ್ನೇ. ನೋಟೀಸು ಯಾರಿಗೆ ಹೋಗಬೇಕೆಂಬುದು ಇದನ್ನೇ ಅವಲಂಬಿಸಿರುವುದರಿಂದ ಕರಾರಿನ ಮೊದಲ ಪುಟವನ್ನು ಓದದೆ ಸಹಿ ಮಾಡಬಾರದು.

ನಮ್ಮ ಹುಡುಗರಲ್ಲಿ ಹಲವರು ದೊಡ್ಡ ಕಂಟ್ರಾಕ್ಟರರ ಕೈಕೆಳಗೆ ತುಂಡು ಗುತ್ತಿಗೆ ಹಿಡಿಯುತ್ತಾರೆ. ಕೆಲವರು ಇನ್ನೊಬ್ಬರ ಲೈಸೆನ್ಸಿನಲ್ಲಿ ತಮ್ಮ ಹಣ ಹಾಕಿ ಕೆಲಸ ಮಾಡುತ್ತಾರೆ. ಹೀಗೆ ಮಾಡಿದವರಿಗೂ ಸರ್ಕಾರಕ್ಕೂ ಕರಾರಿನ ಸಂಬಂಧವೇ ಇರುವುದಿಲ್ಲ. ಬಿಲ್ಲು ಲೈಸೆನ್ಸುದಾರನ ಖಾತೆಗೆ ಹೋಗುತ್ತದೆ. ಕೊಡುವುದೂ ಬಿಡುವುದೂ ಅವನ ಕೈಯಲ್ಲಿ. ಚೇಣಿಗೆ ಕೊಟ್ಟ ತೋಟದ ಕೊನೆಗಾರನು ತನ್ನ ಕೂಲಿಯನ್ನು ಚೇಣಿದಾರನಲ್ಲಿ ಕೇಳಬೇಕೇ ಹೊರತು ತೋಟದ ಯಜಮಾನರಲ್ಲಿ ಅಲ್ಲವಷ್ಟೆ? ಇದೂ ಹಾಗೆಯೇ. ಅಂಥ ಸಂದರ್ಭದಲ್ಲಿ ದರ, ಅಳತೆ, ಹಣ ಕೊಡುವ ದಿನ ಇವನ್ನು ಬರೆದ ಒಪ್ಪಂದವೊಂದು ಇಬ್ಬರ ನಡುವೆ ಇರಲೇಬೇಕು. ಅವರು ನೆಂಟರಾಗಿದ್ದರೂ ಸರಿ. ನೆಂಟರಾಗಿದ್ದರೆ ಇನ್ನೂ ಅಗತ್ಯ.

ಬಾಯಿಮಾತಿನ ಕೆಲಸ

ಕಾರ್ಯಾದೇಶವಿಲ್ಲದೆ ಕೆಲಸ ಮಾಡಿದವನು ಎಲ್ಲವನ್ನೂ ಕಳೆದುಕೊಂಡನೆಂದು ತಿಳಿಯಬೇಕಾಗಿಲ್ಲ. ೧೮೭೨ರ ಭಾರತೀಯ ಕರಾರು ಅಧಿನಿಯಮದ ೭೦ನೇ ಪ್ರಕರಣ ಅವನ ನೆರವಿಗೆ ಬರುತ್ತದೆ. ಒಬ್ಬನು ಕಾನೂನುಬದ್ಧವಾಗಿ, ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ, ಮತ್ತೊಬ್ಬನಿಗಾಗಿ ಏನನ್ನಾದರೂ ಮಾಡಿದಲ್ಲಿ, ಆ ಮತ್ತೊಬ್ಬನು ಅದರ ಪ್ರಯೋಜನವನ್ನು ಅನುಭವಿಸಿದಲ್ಲಿ, ಅವನು ತಕ್ಕ ಪ್ರತಿಫಲ ಕೊಡತಕ್ಕದ್ದು ಅಥವಾ ವಸ್ತುವನ್ನು ಹಿಂದಿರುಗಿಸತಕ್ಕದ್ದು, ಇದು ಆ ಪ್ರಕರಣದ ತಾತ್ಪರ್ಯ.

ಸರ್ಕಾರಕ್ಕೂ ಇದು ಅನ್ವಯಿಸುತ್ತದೆಂದು ಸ್ಥಾಪಿತವಾದದ್ದು ಬಂಗಾಳದ ಒಂದು ಮೊಕದ್ದಮೆಯಲ್ಲಿ. ೧೯೪೪ರಲ್ಲಿ ಆರಾಂಬಾಗ್ ಎಂಬಲ್ಲಿ ಬಿ. ಕೆ. ಮಂಡಲ್ ಎಂಬ ಕಂಟ್ರಾಕ್ಟು ಸಂಸ್ಥೆ ಅಧಿಕಾರಿಗಳ ಕೋರಿಕೆಯ ಮೇಲೆ ನಾಗರಿಕ ಸರಬರಾಜು ಇಲಾಖೆಗೆ ಕಚ್ಚಾ ರಸ್ತೆ, ಕಾವಲು ಕೊಠಡಿ, ಅಡಿಗೆಮನೆ, ಗುಮಾಸ್ತರ ಕೋಣೆ ಮೊದಲಾದುವನ್ನು ಕಟ್ಟಿಕೊಟ್ಟಿತು. ಇಲಾಖೆ ಅವನ್ನು ಬಳಸಿತು. ಹಣ ಕೇಳಿದಾಗ ಕ್ರಮಬದ್ಧ ಕರಾರೇ ಇಲ್ಲವೆಂದಿತು. ಕರಾರು ಊರ್ಜಿತವಲ್ಲದಿದ್ದರೂ ಕಟ್ಟಡವನ್ನು ಸ್ವೀಕರಿಸಿ ಅನುಭವಿಸಿದ ಸರ್ಕಾರ ಹಣ ಕೊಡಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ತೀರ್ಪು ಬಂದದ್ದು ೧೯೬೧ರ ಕೊನೆಯಲ್ಲಿ. ಕೆಲಸಕ್ಕೂ ತೀರ್ಪಿಗೂ ನಡುವೆ ಹದಿನೇಳು ವರ್ಷ!

ಹೀಗಾಗಿ ೭೦ನೇ ಪ್ರಕರಣವು ಕಡೆಯ ಆಸರೆಯೇ ಹೊರತು ವ್ಯವಹಾರದ ದಾರಿಯಲ್ಲ. ಅಧಿಕಾರಿ ಕೇಳಿಕೊಂಡದ್ದು, ಕೆಲಸ ನಡೆದದ್ದು, ಇಲಾಖೆ ಅದನ್ನು ಸ್ವೀಕರಿಸಿದ್ದು ಇವೆಲ್ಲವನ್ನೂ ರುಜುವಾತು ಮಾಡುವ ಹೊಣೆ ಕೆಲಸ ಮಾಡಿದವನದೇ. ೨೦೨೨ರ ಏಪ್ರಿಲಿನಲ್ಲಿ ಬೆಳಗಾವಿ ಜಿಲ್ಲೆಯ ಕಂಟ್ರಾಕ್ಟರರೊಬ್ಬರು ಉಡುಪಿಯ ವಸತಿಗೃಹದಲ್ಲಿ ಪ್ರಾಣ ಬಿಟ್ಟ ಸುದ್ದಿ ಎಲ್ಲರ ನೆನಪಿನಲ್ಲಿದೆ. ಕಾರ್ಯಾದೇಶವಿಲ್ಲದೆ ನಡೆದ ಗ್ರಾಮದ ರಸ್ತೆ ಕೆಲಸಗಳ, ಸುಮಾರು ನಾಲ್ಕು ಕೋಟಿ ರೂಪಾಯಿಯ ಬಾಕಿ ಆ ಪ್ರಸಂಗದ ಹಿಂದಿತ್ತು. ಆ ಪ್ರಕರಣದ ರಾಜಕೀಯ ನಮಗೆ ಬೇಡ. ಆದೇಶದ ಕಾಗದ ಕೈಗೆ ಬರುವ ತನಕ ಜಲ್ಲಿಯ ಒಂದು ಲೋಡನ್ನೂ ಇಳಿಸಬಾರದೆಂಬ ಪಾಠವಷ್ಟು ಸಾಕು.

ಹೆಚ್ಚುವರಿ ಕೆಲಸಕ್ಕೂ ಇದೇ ನಿಯಮ. ಮೋರಿಯ ಪಾಯ ತೆಗೆಯುವಾಗ ಬಂಡೆ ಸಿಕ್ಕಿತು, ಅಥವಾ ಜೌಗು ಸಿಕ್ಕಿ ಇನ್ನೂ ಒಂದು ಮೀಟರು ಇಳಿಯಬೇಕಾಯಿತು ಎನ್ನೋಣ. "ಮಾಡಿಬಿಡಿ, ಆಮೇಲೆ ಸೇರಿಸೋಣ" ಎಂಬ ಮಾತು ಬಂದ ದಿನವೇ ಒಂದು ಪತ್ರ ಬರೆಯಬೇಕು: ಇಂಥ ದಿನ ಇಂಥವರು ಸೂಚಿಸಿದಂತೆ ಇಷ್ಟು ಹೆಚ್ಚುವರಿ ಕೆಲಸವಾಗುತ್ತಿದೆ, ಇದರ ದರ ಇಷ್ಟು, ದಯವಿಟ್ಟು ಲಿಖಿತ ಆದೇಶ ಕೊಡಿ. ಬಂಡೆಯನ್ನು ಮುಚ್ಚುವ ಮೊದಲು ಫೋಟೋ ತೆಗೆದು, ಅಳತೆ ಬರೆಸಬೇಕು. ಕಾಂಕ್ರೀಟು ಬಿದ್ದ ಮೇಲೆ ಪಾಯದ ಆಳವನ್ನು ಯಾರೂ ನೋಡಲಾರರು.

ಅಳತೆ ಪುಸ್ತಕ

ಮಂಡಿಯಲ್ಲಿ ಅಡಿಕೆಯ ತೂಕದ ಚೀಟಿ ಹೇಗೋ ಕಾಮಗಾರಿಯಲ್ಲಿ ಅಳತೆ ಪುಸ್ತಕ ಹಾಗೆ. ಎಂ.ಬಿ. ಎಂದು ಕರೆಯುವ ಈ ಪುಸ್ತಕದಲ್ಲಿ ಏರಿದ ಅಳತೆಗೆ ಮಾತ್ರ ಬಿಲ್ಲು ಹುಟ್ಟುತ್ತದೆ. ಅಳತೆ ಹಿಡಿಯುವಾಗ ಕಂಟ್ರಾಕ್ಟರನು ಖುದ್ದಾಗಿ ಹಾಜರಿದ್ದು, ನೋಡಿ ಸಹಿ ಮಾಡಬೇಕು. ಅಳತೆ ಕಡಿಮೆ ಬರೆದಿದ್ದರೆ ಆಕ್ಷೇಪವನ್ನು ಅಲ್ಲಿಯೇ ಬರೆಯಬೇಕು. ಬರೆಯಲು ಬಿಡದಿದ್ದರೆ ಅದೇ ದಿನ ಅಂಚೆಯಲ್ಲಿ ಕಾರ್ಯಪಾಲಕ ಇಂಜಿನಿಯರರಿಗೆ ತಿಳಿಸಬೇಕು.

ಅಳತೆ ಪುಸ್ತಕ ಇಲಾಖೆಯ ವಶದಲ್ಲಿರುತ್ತದೆ. ಆದರೆ ೨೦೦೫ರ ಮಾಹಿತಿ ಹಕ್ಕು ಅಧಿನಿಯಮದಡಿ ಹತ್ತು ರೂಪಾಯಿಯ ಅರ್ಜಿ ಹಾಕಿ ಅದರ ದೃಢೀಕೃತ ನಕಲನ್ನು ಕೇಳಬಹುದು. ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂದು ಕಾನೂನಿದೆ. ತಕರಾರು ಹುಟ್ಟುವವರೆಗೆ ಕಾಯದೆ, ಕೆಲಸ ಮುಗಿದ ಕೂಡಲೇ ನಕಲು ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ಬಿಲ್ಲು ಪಾಸಾದ ಮೇಲೂ "ಅನುದಾನ ಬಂದಿಲ್ಲ" ಎಂಬ ಉತ್ತರ ಬರುವುದುಂಟು. ಕರಾರಿನಲ್ಲಿಯೇ ಅಂಥ ಷರತ್ತು ಇಲ್ಲದಿದ್ದಲ್ಲಿ, ಅನುದಾನದ ವಿಚಾರ ಇಲಾಖೆಯ ಒಳವ್ಯವಹಾರ; ಮಾಡಿದ ಕೆಲಸದ ಹಣ ಸಲ್ಲುವುದಿಲ್ಲವೆನ್ನಲು ಅದು ಕಾರಣವಾಗದು. ಬಡ್ಡಿಯ ವಿಷಯವಾಗಿ ಒಂದು ಮಾತು. ಕರಾರಿನಲ್ಲಿ ಬಡ್ಡಿಯ ಪ್ರಸ್ತಾಪವಿಲ್ಲದಿದ್ದರೆ, ಬಡ್ಡಿ ಕೇಳುತ್ತೇನೆಂದು ಬರವಣಿಗೆಯಲ್ಲಿ ತಿಳಿಸಿದ ದಿನದಿಂದ ನ್ಯಾಯಾಲಯ ಬಡ್ಡಿ ಕೊಡಿಸಬಹುದೆಂದು ೧೯೭೮ರ ಬಡ್ಡಿ ಅಧಿನಿಯಮ ಹೇಳುತ್ತದೆ. ಸಂಘಕ್ಕೆ ನಾವು ಬಡ್ಡಿ ಕಟ್ಟುವುದು ತಪ್ಪುವುದಿಲ್ಲ. ಆದಕಾರಣ ಬಾಕಿ ಕೇಳುವ ಮೊದಲ ಪತ್ರದಲ್ಲಿಯೇ ಬಡ್ಡಿಯನ್ನೂ ಕೇಳಿರಬೇಕು.

ಮಳೆ, ವಿಳಂಬ, ದಂಡ

ಮಲೆನಾಡಿನ ಕಾಮಗಾರಿಯ ನಿತ್ಯದ ತೊಡಕು ಇದು. ಟೆಂಡರಾಗುವುದು ಮಾಘ-ಫಾಲ್ಗುಣದಲ್ಲಿ. ರಸ್ತೆ ಬದಿಯ ಮರ ತೆಗೆಯಲು ಅರಣ್ಯ ಇಲಾಖೆಯ ಒಪ್ಪಿಗೆ ಬರುವಾಗ ಮೇ ತಿಂಗಳು ಮುಗಿದಿರುತ್ತದೆ. ಮುಂದೆ ನಾಲ್ಕು ತಿಂಗಳು ಮಳೆ. ಅಷ್ಟರಲ್ಲಿ ಕರಾರಿನ ಅವಧಿ ಮುಗಿದು, ತಡವಾಯಿತೆಂದು ಬಿಲ್ಲಿನಲ್ಲಿ ದಂಡ ಮುರಿದುಕೊಳ್ಳುತ್ತಾರೆ.

ಇಲ್ಲಿ ಕಾನೂನು ವಿಳಂಬವನ್ನು ಎರಡಾಗಿ ವಿಂಗಡಿಸುತ್ತದೆ. ಜಾಗ ಬಿಟ್ಟುಕೊಡದಿರುವುದು, ನಕ್ಷೆ ಕೊಡದಿರುವುದು, ಮರ ತೆಗೆಸದಿರುವುದು ಇವು ಇಲಾಖೆಯ ಕಡೆಯ ವಿಳಂಬ. ಕೂಲಿ ಆಳು ಸಿಗಲಿಲ್ಲ, ಯಂತ್ರ ಕೆಟ್ಟಿತು ಎಂಬುವು ಕಂಟ್ರಾಕ್ಟರನ ಕಡೆಯವು. ಮೊದಲನೆಯದಕ್ಕೆ ಅವಧಿ ವಿಸ್ತರಣೆ ಕೇಳುವ ಹಕ್ಕಿದೆ. ವಾಡಿಕೆಯ ಮಳೆ ಬರುತ್ತದೆಂಬುದು ಟೆಂಡರು ಹಾಕುವಾಗಲೇ ತಿಳಿದಿರುವ ಸಂಗತಿ. ಅದನ್ನೇ ನೆಪವಾಗಿಟ್ಟುಕೊಳ್ಳಲು ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಇಲಾಖೆಯ ವಿಳಂಬದಿಂದಲೇ ಬೇಸಗೆಯ ಕೆಲಸ ಮಳೆಗಾಲಕ್ಕೆ ಬಿತ್ತೆಂದು ತೋರಿಸಿದರೆ ಆ ಮಾತಿಗೆ ತೂಕವಿದೆ. ವಿಸ್ತರಣೆಯ ಅರ್ಜಿ ಅವಧಿ ಮುಗಿಯುವ ಮೊದಲೇ ಹೋಗಬೇಕು. ಅಡಚಣೆ ಶುರುವಾದ ದಿನ, ಕಳೆದ ದಿನ ಎರಡನ್ನೂ ತಾರೀಖು ಸಹಿತ ಬರೆಯಬೇಕು.

ಇನ್ನೊಂದು ಸೂಕ್ಷ್ಮವಿದೆ. ಇಲಾಖೆ ತಡ ಮಾಡಿ, ನಾವು ತಡವಾಗಿಯೇ ಕೆಲಸ ಮಾಡಲು ಒಪ್ಪಿಕೊಂಡೆವು ಎನ್ನೋಣ. ಆ ಹೊತ್ತಿನಲ್ಲಿಯೇ ನಷ್ಟ ಕೇಳುವ ಉದ್ದೇಶವನ್ನು ತಿಳಿಸದಿದ್ದರೆ ಆಮೇಲೆ ಕೇಳಲು ಬಾರದೆಂದು ಕರಾರು ಅಧಿನಿಯಮದ ೫೫ನೇ ಪ್ರಕರಣ ಹೇಳುತ್ತದೆ. ಆದ್ದರಿಂದ ವಿಸ್ತರಣೆಯ ಅರ್ಜಿಯ ಕೊನೆಗೆ ಒಂದು ಸಾಲು ಸೇರಿಸಬೇಕು: "ಈ ವಿಳಂಬದಿಂದ ನಮಗಾಗುವ ನಷ್ಟವನ್ನು ಕೇಳುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇವೆ." ಆ ಒಂದು ಸಾಲಿಗೆ ಲಕ್ಷ ರೂಪಾಯಿಯ ಬೆಲೆ ಬರುವ ಸಂದರ್ಭಗಳುಂಟು. ಇಲಾಖೆಯಿಂದಾದ ವಿಳಂಬದಲ್ಲಿ ಬೆಲೆಗಳು ಏರಿದ್ದಕ್ಕೆ ಮಧ್ಯಸ್ಥಗಾರರು ಕೊಡಿಸಿದ ಪರಿಹಾರವನ್ನು, ಕರಾರಿನಲ್ಲಿ ಬೆಲೆ ಏರಿಕೆಯ ಷರತ್ತು ಇಲ್ಲದಿದ್ದರೂ, ಸರ್ವೋಚ್ಚ ನ್ಯಾಯಾಲಯ ೧೯೮೯ರಲ್ಲಿ ಪಿ. ಎಂ. ಪಾಲ್ ಮೊಕದ್ದಮೆಯಲ್ಲಿ ಎತ್ತಿಹಿಡಿದಿದೆ.

ಠೇವಣಿ ಮುಟ್ಟುಗೋಲು

ದಂಡ ಅಥವಾ ಠೇವಣಿಯ ಮುಟ್ಟುಗೋಲು ಇಲಾಖೆಯ ಇಚ್ಛೆಗೆ ಬಿಟ್ಟದ್ದೆಂದು ಹಲವರ ಭಾವನೆ. ಕರಾರು ಅಧಿನಿಯಮದ ೭೪ನೇ ಪ್ರಕರಣದ ಪ್ರಕಾರ ಕರಾರಿನಲ್ಲಿ ಬರೆದ ದಂಡವು ಮೇಲಿನ ಮಿತಿ ಮಾತ್ರ. ಸಿಗುವುದು ನ್ಯಾಯವಾದ ಪರಿಹಾರವಷ್ಟೆ.

ಇದಕ್ಕೆ ನಮ್ಮಂಥ ರೈತಾಪಿ ಜನರಿಗೆ ಸುಲಭವಾಗಿ ಅರ್ಥವಾಗುವ ದೃಷ್ಟಾಂತ ಮೌಲಾ ಬಕ್ಷ್ ಎಂಬುವರದು. ಅವರು ಸೈನ್ಯಕ್ಕೆ ಆಲೂಗಡ್ಡೆ, ಕೋಳಿ, ಮೊಟ್ಟೆ, ಮೀನು ಒದಗಿಸುವ ಕಂಟ್ರಾಕ್ಟು ಹಿಡಿದು ೧೦,೦೦೦ ಮತ್ತು ೮,೫೦೦ ರೂಪಾಯಿಗಳ ಎರಡು ಠೇವಣಿ ಇಟ್ಟಿದ್ದರು. ಸರಬರಾಜು ಸರಿಯಾಗಿ ಆಗಲಿಲ್ಲವೆಂದು ಸರ್ಕಾರ ಎರಡನ್ನೂ ಮುಟ್ಟುಗೋಲು ಹಾಕಿತು. ಆಲೂಗಡ್ಡೆಯನ್ನು ಬೇರೆಡೆ ಯಾವ ಬೆಲೆಗೆ ಕೊಂಡರು, ಎಷ್ಟು ನಷ್ಟವಾಯಿತು ಎಂದು ಲೆಕ್ಕ ತೋರಿಸಲು ಸರ್ಕಾರಕ್ಕೆ ಸಾಧ್ಯವಿತ್ತು, ತೋರಿಸಲಿಲ್ಲ. ಆದುದರಿಂದ ಠೇವಣಿಯನ್ನು ಇಟ್ಟುಕೊಳ್ಳಲು ಹಕ್ಕಿಲ್ಲವೆಂದು ೧೯೬೯ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ನಷ್ಟವನ್ನು ಅಳೆಯಲು ಸಾಧ್ಯವಿರುವ ಕಡೆ ನಷ್ಟವನ್ನು ತೋರಿಸಲೇಬೇಕೆಂಬುದನ್ನು ೨೦೧೫ರ ಕೈಲಾಸ್ ನಾಥ್ ಮೊಕದ್ದಮೆಯಲ್ಲಿ ಮತ್ತೆ ಹೇಳಲಾಯಿತು. ರಸ್ತೆ, ಸೇತುವೆಗಳಂಥ ಕೆಲಸದಲ್ಲಿ ಸಾರ್ವಜನಿಕರಿಗಾದ ನಷ್ಟವನ್ನು ರೂಪಾಯಿಯಲ್ಲಿ ಅಳೆಯುವುದು ಕಷ್ಟವಾದಾಗ, ಕರಾರಿನಲ್ಲಿ ಬರೆದ ಮೊತ್ತ ನ್ಯಾಯವಾಗಿದ್ದರೆ ಅದನ್ನೇ ಒಪ್ಪುವುದೂ ಉಂಟು ಎಂಬುದನ್ನು ಮರೆಯಬಾರದು.

ತೀರ್ಥಹಳ್ಳಿಯ ಮಿಲ್ಲಿನ ಮೊಕದ್ದಮೆ

ತಪ್ಪು ಯಾರದೆಂದು ತೀರ್ಮಾನಿಸುವವರು ಯಾರು? ಈ ಪ್ರಶ್ನೆಗೆ ಇಡೀ ದೇಶಕ್ಕೆ ಉತ್ತರ ದೊರೆತದ್ದು ನಮ್ಮ ಅಡಿಕೆ ಸೀಮೆಯ ಒಂದು ಮೊಕದ್ದಮೆಯಿಂದ ಎಂಬುದು ಹೆಮ್ಮೆಯ ಸಂಗತಿ. ತೀರ್ಥಹಳ್ಳಿಯ ಶ್ರೀ ರಾಮೇಶ್ವರ ರೈಸ್ ಮಿಲ್ ರಾಜ್ಯ ಸರ್ಕಾರದೊಡನೆ ಕರಾರು ಮಾಡಿಕೊಂಡಿತ್ತು. ಷರತ್ತು ಮುರಿದರೆ ಸರ್ಕಾರವೇ ನಷ್ಟವನ್ನು ನಿರ್ಧರಿಸಬಹುದು, ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು ಎಂದು ಅದರಲ್ಲಿ ಬರೆದಿತ್ತು. ಷರತ್ತು ಮುರಿದಿದೆಯೆಂದು ಸರ್ಕಾರವೇ ತೀರ್ಮಾನಿಸಿ, ನಷ್ಟವನ್ನೂ ತಾನೇ ಗೊತ್ತುಮಾಡಿ ವಸೂಲಿಗೆ ಹೊರಟಿತು.

೧೯೮೭ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಕರಾರಿನ ಒಂದು ಪಕ್ಷವೇ ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾಗಲಾಗದು. ಷರತ್ತು ಮುರಿದುದನ್ನು ಎದುರು ಪಕ್ಷ ಒಪ್ಪಿಕೊಂಡಿದ್ದರೆ ಮಾತ್ರ ನಷ್ಟ ನಿರ್ಧರಿಸುವ ಅಧಿಕಾರ ಹುಟ್ಟುತ್ತದೆ. ಅದು ವಿವಾದದಲ್ಲಿದ್ದರೆ ಸ್ವತಂತ್ರವಾದ ಬೇರೊಬ್ಬರೇ ತೀರ್ಮಾನಿಸಬೇಕು. ೨೦೧೧ರ ಜೆ. ಜಿ. ಇಂಜಿನಿಯರ್ಸ್ ಮೊಕದ್ದಮೆಯಲ್ಲಿ ಇದೇ ತತ್ತ್ವವನ್ನು ಕಟ್ಟಡ ಕಾಮಗಾರಿಗೂ ಅನ್ವಯಿಸಿ, ವಿಳಂಬ ಯಾರಿಂದಾಯಿತೆಂಬ ಬಗ್ಗೆ ಇಲಾಖೆಯ ಅಧಿಕಾರಿಯ ಮಾತೇ ಕಡೆಯ ಮಾತಲ್ಲವೆಂದು ಹೇಳಲಾಯಿತು.

ಇದರಿಂದ ನಾವು ಕಲಿಯಬೇಕಾದದ್ದು ಒಂದು. ನೋಟೀಸು ಬಂದಾಗ ಸುಮ್ಮನಿರಬಾರದು. ಸುಮ್ಮನಿದ್ದರೆ ಒಪ್ಪಿಕೊಂಡಂತೆ ಕಾಣುತ್ತದೆ. ತಪ್ಪು ನಮ್ಮದಲ್ಲದಿದ್ದರೆ "ಒಪ್ಪುವುದಿಲ್ಲ, ಕಾರಣಗಳು ಹೀಗಿವೆ" ಎಂದು ಗೊತ್ತುಪಡಿಸಿದ ದಿನದೊಳಗೆ ಉತ್ತರಿಸಿದವನಿಗೇ ತೀರ್ಥಹಳ್ಳಿಯ ತೀರ್ಪು ರಕ್ಷಣೆ ಕೊಡುತ್ತದೆ.

ಅರ್ಧಕ್ಕೆ ರದ್ದಾದರೆ

ಇಲಾಖೆ ನ್ಯಾಯವಲ್ಲದ ರೀತಿಯಲ್ಲಿ ಕಂಟ್ರಾಕ್ಟನ್ನು ರದ್ದು ಮಾಡಿದರೆ, ಮಾಡಿದ ಕೆಲಸದ ಹಣದ ಜೊತೆಗೆ ಉಳಿದ ಕೆಲಸದಲ್ಲಿ ಬರಬಹುದಾಗಿದ್ದ ಲಾಭವನ್ನೂ ಕೇಳಬಹುದು. ಗುಜರಾತಿನ ರಸ್ತೆ ಕಾಮಗಾರಿಯೊಂದಕ್ಕೆ ಸಂಬಂಧಿಸಿದ ಎ. ಟಿ. ಬ್ರಿಜ್ ಪಾಲ್ ಸಿಂಗ್ ಮೊಕದ್ದಮೆಯಲ್ಲಿ, ೧೯೮೪ರಲ್ಲಿ, ಉಳಿದ ಕೆಲಸದ ಮೌಲ್ಯದ ಶೇಕಡ ೧೫ರಷ್ಟನ್ನು ಲಾಭನಷ್ಟವೆಂದು ಕೊಡಿಸಲಾಯಿತು. ಉದಾಹರಣೆಗೆ ೨೦ ಲಕ್ಷದ ಕಾಮಗಾರಿಯಲ್ಲಿ ೮ ಲಕ್ಷದ ಕೆಲಸ ಮುಗಿದಿದ್ದರೆ ಉಳಿದದ್ದು ೧೨ ಲಕ್ಷ. ಅದರ ಶೇಕಡ ೧೫ ಎಂದರೆ ೧,೮೦,೦೦೦ ರೂಪಾಯಿ. ಶೇಕಡ ೧೫ ಎಂಬುದು ಎಲ್ಲ ಕಡೆಗೂ ಕಟ್ಟಿಟ್ಟ ಪ್ರಮಾಣವಲ್ಲ. ಸಾಕ್ಷ್ಯವನ್ನು ನೋಡಿ ಏರುತ್ತದೆ, ಇಳಿಯುತ್ತದೆ.

ಬಿಲ್ಲು ಬರಲಿಲ್ಲವೆಂದು ಕಂಟ್ರಾಕ್ಟರನೇ ಸಿಟ್ಟಿನಿಂದ ಕೆಲಸ ಬಿಟ್ಟು ಹೋಗುವುದು ಮಾತ್ರ ಅಪಾಯದ ದಾರಿ. ಕರಾರಿನಲ್ಲಿ ಅಂಥ ಹಕ್ಕು ಬರೆದಿದೆಯೇ ಎಂದು ವಕೀಲರಿಗೆ ತೋರಿಸದೆ ಕೆಲಸ ನಿಲ್ಲಿಸಬಾರದು. ನಿಲ್ಲಿಸಿದವನ ಖರ್ಚಿನಲ್ಲಿಯೇ ಬೇರೆಯವರಿಂದ ಕೆಲಸ ಮಾಡಿಸುವ ಷರತ್ತು ಸಾಮಾನ್ಯವಾಗಿ ಕರಾರಿನಲ್ಲಿರುತ್ತದೆ.

"ಇನ್ನೇನೂ ಬಾಕಿ ಇಲ್ಲ" ಎಂಬ ಸಹಿ

ಕಡೆಯ ಬಿಲ್ಲಿನ ಹಣ ಕೈಗೆ ಬರಬೇಕಾದರೆ ಇನ್ನಾವ ಬಾಕಿಯೂ ಇಲ್ಲವೆಂದು ಬರೆದುಕೊಡಿ ಎನ್ನುತ್ತಾರೆ. ಸಾಲದ ಒತ್ತಡದಲ್ಲಿರುವವನು ಬರೆದುಕೊಡುತ್ತಾನೆ. ಇದರಿಂದ ಹಕ್ಕು ಮುಗಿಯಿತೇ? ಒತ್ತಡದಿಂದ ಪಡೆದ ಸಹಿಯಾದರೆ ಹಕ್ಕು ಮುಗಿಯುವುದಿಲ್ಲವೆಂದು ೨೦೦೪ರ ರೇಶ್ಮಿ ಕನ್‌ಸ್ಟ್ರಕ್ಷನ್ಸ್ ಮತ್ತು ೨೦೦೮ರ ಬೊಘಾರಾ ಪಾಲಿಫ್ಯಾಬ್ ತೀರ್ಪುಗಳು ಹೇಳುತ್ತವೆ. ಆದರೆ ಒತ್ತಡವಿತ್ತೆಂದು ತೋರಿಸಬೇಕು. ರೇಶ್ಮಿ ಮೊಕದ್ದಮೆಯಲ್ಲಿ ಕಂಟ್ರಾಕ್ಟರರು ಸಹಿ ಮಾಡಿಕೊಟ್ಟ ದಿನವೇ ತಕರಾರಿನ ಪತ್ರವನ್ನೂ ಬರೆದಿದ್ದರು. ಅದೇ ಅವರನ್ನು ಕಾಪಾಡಿತು. ಸ್ವಇಚ್ಛೆಯಿಂದ ಸಹಿ ಮಾಡಿ ಹಣ ಪಡೆದು ಎರಡು ವರ್ಷ ಸುಮ್ಮನಿದ್ದು, ಆಮೇಲೆ ಒತ್ತಡವೆಂದರೆ ಕೇಳುವವರಿರುವುದಿಲ್ಲ. "ತಕರಾರಿಗೆ ಒಳಪಟ್ಟು ಸ್ವೀಕರಿಸಿದ್ದೇನೆ" ಎಂಬ ಮಾತನ್ನು ಸಹಿಯ ಮೇಲೆ ಬರೆಯಬೇಕು. ಬಿಡದಿದ್ದರೆ ಅಂದೇ ಅಂಚೆಗೆ ಹಾಕಬೇಕು.

ಮೂರು ವರ್ಷದ ಗಡುವು

ಇಡೀ ಲೇಖನದಲ್ಲಿ ಸದಸ್ಯರು ಒಂದೇ ಸಂಗತಿಯನ್ನು ನೆನಪಿಡುವುದಾದರೆ ಇದನ್ನು ನೆನಪಿಡಬೇಕು. ೧೯೬೩ರ ಕಾಲಮಿತಿ ಅಧಿನಿಯಮದ ಪ್ರಕಾರ, ಹಣ ಕೊಡುವ ದಿನ ಗೊತ್ತುಮಾಡದ ಕೆಲಸದ ಬೆಲೆಗೆ ದಾವೆ ಹೂಡಲು ಕೆಲಸವಾದ ದಿನದಿಂದ ಮೂರು ವರ್ಷ. ಕರಾರು ಮುರಿದುದಕ್ಕೆ ಪರಿಹಾರ ಕೇಳಲೂ ಮೂರು ವರ್ಷ. ಸರ್ಕಾರ ನಮ್ಮ ಮೇಲೆ ದಾವೆ ಹೂಡಲು ಅದೇ ಕಾನೂನು ಮೂವತ್ತು ವರ್ಷ ಕೊಟ್ಟಿದೆ!

ಕಛೇರಿಗೆ ತಿರುಗಾಡುವುದು, ನೆನಪಿನ ಓಲೆ ಬರೆಯುವುದು, ಶಾಸಕರಿಂದ ಹೇಳಿಸುವುದು ಇವು ಯಾವುವೂ ಈ ಗಡುವನ್ನು ಮುಂದೂಡುವುದಿಲ್ಲ. ಗಡುವಿನೊಳಗೆ ಇಲಾಖೆ ಬಾಕಿಯನ್ನು ಲಿಖಿತವಾಗಿ ಒಪ್ಪಿಕೊಂಡು ಸಹಿ ಮಾಡಿದ್ದರೆ, ಅಥವಾ ಬಾಕಿಯ ಭಾಗವನ್ನು ಬರಹದ ದಾಖಲೆಯೊಡನೆ ಕೊಟ್ಟಿದ್ದರೆ, ಅಂದಿನಿಂದ ಹೊಸ ಮೂರು ವರ್ಷ ಶುರುವಾಗುತ್ತದೆ. ಆದಕಾರಣ "ನಿಮ್ಮ ಬಿಲ್ಲು ಇಷ್ಟು ಮೊತ್ತಕ್ಕೆ ಬಾಕಿಯಿದೆ" ಎಂಬ ಇಲಾಖೆಯ ಒಂದು ಸಾಲಿನ ಪತ್ರವೂ ಚಿನ್ನದಂಥದು. ಮೂರು ವರ್ಷಕ್ಕಿಂತ ಮೊದಲೇ ಹಕ್ಕು ಅಳಿಯುತ್ತದೆಂದು ಕರಾರಿನಲ್ಲಿ ಬರೆದಿದ್ದರೆ, ಕರಾರು ಅಧಿನಿಯಮದ ೨೮ನೇ ಪ್ರಕರಣಕ್ಕೆ ೧೯೯೭ರಲ್ಲಿ ಆದ ತಿದ್ದುಪಡಿಯ ಮೇರೆಗೆ ಅಂಥ ಷರತ್ತು ಸಾಮಾನ್ಯವಾಗಿ ಊರ್ಜಿತವಲ್ಲ. ಹಾಗೆಂದು ಕರಾರು ಹೇಳಿದ ದಿನದೊಳಗೆ ಕ್ಲೇಮು ಸಲ್ಲಿಸುವುದನ್ನು ಬಿಡಬಾರದು.

ಎಲ್ಲಿಗೆ ಹೋಗಬೇಕು?

ಮೊದಲು ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತಿದೆಯೇ ನೋಡಬೇಕು. ಇದ್ದರೆ ೧೯೯೬ರ ಮಧ್ಯಸ್ಥಿಕೆ ಅಧಿನಿಯಮದಂತೆ ನಡೆಯಬೇಕು. ಹಿಂದೆ ಇಲಾಖೆಯ ಮೇಲಧಿಕಾರಿಯೇ ಮಧ್ಯಸ್ಥಗಾರನಾಗಿ ಕೂರುತ್ತಿದ್ದನು. ೨೦೧೫ರ ತಿದ್ದುಪಡಿಯಿಂದ ಪಕ್ಷದ ನೌಕರನು ಮಧ್ಯಸ್ಥಗಾರನಾಗಲು ಅನರ್ಹ. ಸರ್ಕಾರಿ ಸಂಸ್ಥೆ ತಾನೊಂದೇ ಏಕೈಕ ಮಧ್ಯಸ್ಥಗಾರನನ್ನು ನೇಮಿಸುವ ಷರತ್ತು ಸಮಾನತೆಗೆ ವಿರುದ್ಧವೆಂದು ೨೦೨೪ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವೂ ಹೇಳಿದೆ.

ಮಧ್ಯಸ್ಥಿಕೆಯ ಷರತ್ತಿಲ್ಲದಿದ್ದರೆ ಸಿವಿಲ್ ದಾವೆ. ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ೮೦ನೇ ಪ್ರಕರಣದಂತೆ ಎರಡು ತಿಂಗಳ ನೋಟೀಸು ಕೊಡಬೇಕು. ಕಾಮಗಾರಿಯ ವಿವಾದಗಳು ೨೦೧೫ರ ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮಕ್ಕೆ ಸೇರುತ್ತವೆ. ಮೊತ್ತ ಮೂರು ಲಕ್ಷ ರೂಪಾಯಿ ಅಥವಾ ಮೇಲ್ಪಟ್ಟಿದ್ದು ತುರ್ತು ಆಜ್ಞೆಯ ಅಗತ್ಯವಿಲ್ಲದಿದ್ದರೆ, ದಾವೆಗೆ ಮುಂಚೆ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಸಂಧಾನಕ್ಕೆ ಹೋಗುವುದು ಕಡ್ಡಾಯ. ಸಣ್ಣ ಕಂಟ್ರಾಕ್ಟರನಿಗೆ ಇದು ಅನುಕೂಲದ ದಾರಿಯೇ ಸರಿ.

ಮೊತ್ತವನ್ನು ಇಲಾಖೆಯೇ ಒಪ್ಪಿಕೊಂಡಿದ್ದು, ಕಾರಣವಿಲ್ಲದೆ ಹಣ ತಡೆದಿದ್ದರೆ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಹಾಕಬಹುದು. ಅಳತೆ, ಗುಣಮಟ್ಟಗಳ ವಿವಾದವಿದ್ದರೆ ಅಲ್ಲಿ ಸಾಮಾನ್ಯವಾಗಿ ಕೈಹಾಕುವುದಿಲ್ಲ. ಜಲ್ಲಿ, ಸಿಮೆಂಟು ಇಟ್ಟಿಗೆಗಳಂಥ ಸಾಮಾನನ್ನು ತಯಾರಿಸಿ ಇಲಾಖೆಗೆ ಒದಗಿಸುವ, ಉದ್ಯಮ್ ನೋಂದಣಿಯಿರುವ ಸಣ್ಣ ಉದ್ದಿಮೆದಾರರಿಗೆ ೨೦೦೬ರ ಸೂಕ್ಷ್ಮ, ಸಣ್ಣ ಉದ್ದಿಮೆಗಳ ಅಧಿನಿಯಮದಡಿ ಇನ್ನೊಂದು ಬಾಗಿಲಿದೆ. ಅಲ್ಲಿ ಕರಾರಿನ ಗಡುವು ಏನೇ ಇದ್ದರೂ ೪೫ ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕು ದರದ ಮೂರರಷ್ಟು ಚಕ್ರಬಡ್ಡಿ. ಕಟ್ಟಡ, ರಸ್ತೆಗಳ ಕಾಮಗಾರಿಗೆ ಇದು ಸಲ್ಲುತ್ತದೆಯೇ ಎಂಬಲ್ಲಿ ನ್ಯಾಯಾಲಯಗಳ ಅಭಿಪ್ರಾಯ ಒಂದೇ ಆಗಿಲ್ಲ.

ಕಾನೂನು ಕೊಡದಿರುವುದು

ಕಾನೂನು ಎಲ್ಲಕ್ಕೂ ಮದ್ದಲ್ಲ. ಕೆಲಸ ಸಿಗಲೆಂದು ಎಸ್.ಆರ್. ದರಕ್ಕಿಂತ ತೀರ ಕೆಳಗೆ ಟೆಂಡರು ಹಾಕಿದವನ ನಷ್ಟವನ್ನು ಯಾವ ನ್ಯಾಯಾಲಯವೂ ತುಂಬಿಕೊಡುವುದಿಲ್ಲ. ಸಿಮೆಂಟು ಕಡಿಮೆ ಹಾಕಿದವನಿಗೆ ಹಕ್ಕಿನ ಮಾತಿಗೇ ಎಡೆಯಿಲ್ಲ. ಮಾಡಿದ ಕೆಲಸಕ್ಕೆ ಕರಾರು ಹೇಳಿದ ಅವಧಿಯವರೆಗೆ ಮಾಡಿದವನೇ ಹೊಣೆ. ಆ ಅವಧಿ ಮುಗಿಯುವ ತನಕ ಹಿಡಿದಿಟ್ಟ ಠೇವಣಿಯನ್ನು ಕೇಳಲು ಬರುವುದಿಲ್ಲ. ಮುಗಿದ ದಿನ ಮಾತ್ರ ಅರ್ಜಿ ಹಾಕಿ ಕೇಳಬೇಕು. ಕೇಳದೆ ಮರೆತ ಠೇವಣಿ ತಾನಾಗಿ ಹಿಂದಿರುಗುವುದು ಅಪರೂಪ.

ಸದಸ್ಯರಿಗೆ ಸೂಚನೆ

ಕೊನೆಯದಾಗಿ, ಪ್ರತಿ ಕಾಮಗಾರಿಗೂ ಒಂದೊಂದು ಕಡತ ಇಡುವುದು ಒಳಿತು. ಟೆಂಡರು ಮತ್ತು ಕರಾರಿನ ಪೂರ್ತಿ ಪ್ರತಿ, ಕಾರ್ಯಾದೇಶ, ಜಾಗ ವಹಿಸಿಕೊಂಡ ದಿನದ ಪತ್ರ, ದಿನಚರಿ, ಮಳೆಯ ಲೆಕ್ಕ, ತಾರೀಖು ಸಹಿತ ಫೋಟೋಗಳು, ಸಾಮಾನಿನ ಬಿಲ್ಲುಗಳು, ಅಳತೆ ಪುಸ್ತಕದ ನಕಲು, ಬರೆದ ಪ್ರತಿಯೊಂದು ಪತ್ರದ ಸ್ವೀಕೃತಿ, ಇಷ್ಟು ಅದರಲ್ಲಿರಲಿ. ತೋಟದಲ್ಲಿ ಮಳೆಯ ಲೆಕ್ಕವನ್ನು ದಿನವೂ ಬರೆದಿಡುವ ಅಭ್ಯಾಸ ನಮ್ಮ ಹಿರಿಯರಿಂದ ಬಂದದ್ದು; ಅದೇ ಪುಸ್ತಕ ವಿಳಂಬದ ವಿವಾದದಲ್ಲಿ ಉಪಯುಕ್ತ ಸಾಕ್ಷಿಯಾಗಬಲ್ಲದು.

ಕಾಮಗಾರಿಯ ಬಂಡವಾಳಕ್ಕೆಂದು ಸಂಘದಿಂದ ಸಾಲ ಬಯಸುವ ಸದಸ್ಯರು ಅರ್ಜಿಯ ಜೊತೆಗೆ ಕಾರ್ಯಾದೇಶದ ನಕಲನ್ನು ತಂದು ತೋರಿಸಬೇಕೆಂದು ಕೋರುತ್ತೇವೆ. ಇದು ಅವರನ್ನು ತೊಂದರೆಪಡಿಸಲೆಂದಲ್ಲ. ಬಾಯಿಮಾತಿನ ಕೆಲಸಕ್ಕೆ ತೋಟವನ್ನು ಒತ್ತೆಯಿಡುವುದು ಬೇಡವೆಂಬುದೊಂದೇ ನಮ್ಮ ಉದ್ದೇಶ. ಬಿಲ್ಲು ಬಾಕಿಯಿರುವವರು, ಕೆಲಸ ಮುಗಿದು ಎರಡು ವರ್ಷ ಕಳೆದಿದ್ದರೆ, ಮುಂದಿನ ಕೊಯ್ಲಿನವರೆಗೆ ಕಾಯದೆ ಕಡತದೊಡನೆ ಒಬ್ಬ ವಕೀಲರನ್ನು ಕಾಣುವುದು ಕ್ಷೇಮ.